ಅರಳದ ಗುಂಡು

ನಾಲ್ಕನೆಯ ಗುಂಡು ಒದ್ದೆ ಪತ್ರಿಕೆಯ ಕಟ್ಟಿನೊಳಗೆ ಹೊಕ್ಕ ಸದ್ದೇ ಬೇರೆಯಾಗಿತ್ತು. ಮೊದಲ ಮೂರು ಗುಂಡುಗಳು ಕಟ್ಟನ್ನು ಸೀಳಿ ನೀರನ್ನು ಆಳೆತ್ತರ ಹಾರಿಸಿದ್ದವು. ಇದು ಕಲಸಿದ ಹಿಟ್ಟು ಹಲಗೆಯ ಮೇಲೆ ಬಿದ್ದ ಹಾಗೆ ಥಪ್ ಎಂದು ಒಳಗೆ ಹೋಗಿ ಸುಮ್ಮನಾಯಿತು.

“ಬಿಚ್ಚು ಅದನ್ನ,” ಎಂದಳು ಲೆಂಪಿ ಅಕ್ಕ.

ನಾನು ಹಿಮದಲ್ಲಿ ಮಂಡಿಯೂರಿ ಒಂದೊಂದೇ ಪುಟ ತೆಗೆಯತೊಡಗಿದೆ. ಐವತ್ತನಾಲ್ಕು ವಯಸ್ಸಿನ ಪೊಲೀಸ್ ಡೆಪ್ಯುಟಿಯೊಬ್ಬ ಸಮವಸ್ತ್ರ ತೊಟ್ಟು ಅಕ್ಕನ ಮನೆಯ ಹಿಂದಿನ ಜಲ್ಲಿಗುಂಡಿಯಲ್ಲಿ ಹಳೆಯ ಪತ್ರಿಕೆ ಬಿಡಿಸುತ್ತ ಕೂರುವುದು ಗೌರವದ ಕೆಲಸವೇನಲ್ಲ. ಆದರೆ ಗುಂಡಿನ ವಿಷಯದಲ್ಲಿ ಲೆಂಪಿ ಅಕ್ಕ ಬಾಯಿ ತೆರೆದರೆ ನಮ್ಮ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್ ಟ್ರೆಂಬಾತ್ ಕೂಡ ಎದುರು ಮಾತಾಡುವುದಿಲ್ಲ. ನಲವತ್ತು ವರ್ಷದಿಂದ ಅವಳು ತನ್ನ ನೆಲಮಾಳಿಗೆಯಲ್ಲಿ ಕುಳಿತು, ಹಿತ್ತಾಳೆ ಚಿಪ್ಪಿಗೆ ಮದ್ದು ಅಳೆದು ಹಾಕಿ, ಮೇಲೆ ಗುಂಡು ಕೂರಿಸಿ, ಊರಿನ ಅರ್ಧದಷ್ಟು ಕೋವಿಗಳಿಗೆ ತೋಟಾ ಮಾಡಿಕೊಟ್ಟವಳು.

ಮೂರು ದಿನದ ಹಿಂದೆ, ನವೆಂಬರ್ ಹದಿನೈದರಂದು, ಜಿಂಕೆ ಬೇಟೆಯ ಮೊದಲ ಬೆಳಿಗ್ಗೆಯೇ ನನ್ನ ಹೆಂಡತಿ ಸಿಲ್ವಿಯ ಅಣ್ಣ ತೌನೋ ಕಾಲಿಗೆ ಗುಂಡು ಬಿದ್ದಿತ್ತು. ಅವನ ಅಳಿಯ, ಮಗಳ ಗಂಡ ಡ್ವೇನ್, ನಾನೇ ಹೊಡೆದೆ ಎಂದು ಒಪ್ಪಿಕೊಂಡು ಲಾಕಪ್ಪಿನಲ್ಲಿ ಕುಳಿತಿದ್ದ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ನ್ಯಾಯಾಧೀಶರ ಮುಂದೆ ಅದನ್ನೇ ಹೇಳುವವನಿದ್ದ. ಈಗ ಹತ್ತೂವರೆ.

ಗುಂಡು ಸಿಕ್ಕಿತು. ಒರೆಸಿ ಅಕ್ಕನ ಅಂಗೈಯಲ್ಲಿಟ್ಟೆ. ಅವಳು ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನ ಜೇಬಿನಲ್ಲಿದ್ದ ಲಕೋಟೆಗೆ ಕೈ ಚಾಚಿದಳು. ಅದರೊಳಗೆ ತೌನೋ ತೊಡೆಯಿಂದ ಡಾಕ್ಟರು ತೆಗೆದ ಗುಂಡಿತ್ತು. ಐದು ಗಂಟೆಯೊಳಗೆ ವಾಪಸ್ ತರುತ್ತೇನೆಂದು ಶೆರಿಫರ ಕೈಕಾಲು ಹಿಡಿದು ತಂದಿದ್ದೆ.

ಎರಡನ್ನೂ ಪಕ್ಕಪಕ್ಕ ಇಟ್ಟಳು. ಅವಳಿಜವಳಿ. ತುದಿ ಮಾತ್ರ ತುಸು ಮೊಂಡಾಗಿ, ತಾಮ್ರದ ಕವಚ ಮೊಗ್ಗಿನ ಬಾಯಿಯಷ್ಟು ಬಿರಿದಿತ್ತು, ಅಷ್ಟೇ.

“ಒಂದನೇದು ನೋಡು,” ಎಂದು ಮೊದಲು ಹೊಡೆದ ಗುಂಡನ್ನು ತೋರಿಸಿದಳು. ಅದು ಬುಡದವರೆಗೆ ಬಿಚ್ಚಿಕೊಂಡು, ಸೀಸವೆಲ್ಲ ಉದುರಿ, ಅರ್ಧ ತೂಕ ಕಳೆದುಕೊಂಡ ಅಣಬೆಯಾಗಿತ್ತು. “ಡ್ವೇನ್‌ಗೆ ನಾನು ತುಂಬಿಕೊಟ್ಟ ತೋಟಾ ಇದು. ಪೂರ್ತಿ ಮದ್ದು. ಡ್ವೇನ್ ನಿಂತಿದ್ದ ಎಪ್ಪತ್ತು ಗಜದಿಂದ ಇದು ತೌನೋ ಕಾಲಿಗೆ ಬಿದ್ದಿದ್ರೆ, ಡಾಕ್ಟರು ಗುಂಡು ತೆಗೀತಿರ್ಲಿಲ್ಲ ಕಣೋ, ಕಾಲು ತೆಗೀತಿದ್ರು.”

ಎರಡನೆಯ ತೋಟಾಕ್ಕೆ ಅವಳು ಮದ್ದು ಕಡಿಮೆ ಹಾಕಿದ್ದಳು. ಮೂರನೆಯದಕ್ಕೆ ಇನ್ನೂ ಕಡಿಮೆ. ದೂರ ಹೋದಷ್ಟೂ ಗುಂಡಿನ ವೇಗ ಇಳಿಯುತ್ತದೆ. ನಾನೂರು ಗಜದಾಚೆ ಹೋಗಿ ಹೊಡೆಯುವ ಬದಲು ಮದ್ದು ಇಳಿಸಿ ಹತ್ತು ಹೆಜ್ಜೆಯಿಂದಲೇ, ಮಾಂಸದ ಬದಲಿಗೆ ಒದ್ದೆ ಪತ್ರಿಕೆಗೆ, ಹೊಡೆದು ನೋಡಬಹುದು. ಇದು ತೋಟಾ ತುಂಬುವವರೆಲ್ಲ ಮಾಡುವ ಉಪಾಯ. ಗುಂಡಿಗೆ ದೂರ ಗೊತ್ತಿಲ್ಲ, ವೇಗ ಮಾತ್ರ ಗೊತ್ತು ಎಂದು ನಾನು ಹದಿನೈದು ವರ್ಷದವನಿದ್ದಾಗಲೇ ಅಕ್ಕ ಕಲಿಸಿದ್ದಳು.

ನಾಲ್ಕನೆಯದರ ವೇಗ ಎಷ್ಟು ದೂರದ್ದೆಂದು ಪುಸ್ತಕದಲ್ಲಿ ತೆಗೆದು ನೋಡಿದಳು. ನಾನೂರೈವತ್ತು ಗಜ.

“ಡ್ವೇನ್ ಹೊಡೆದದ್ದಲ್ಲ,” ಎಂದಳು. ಅವಳ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ನನಗೆ ಆ ಹಿಮದಲ್ಲೇ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಡ್ವೇನ್ ಎಂದರೆ ನನಗೆ ಇಷ್ಟ. ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ದೊಡ್ಡ ಸೇತುವೆಯಾಚೆಗಿನ, ಭೂಪಟದಲ್ಲಿ ನಮ್ಮ ಕೆಳಗಿರುವ ಸೀಮೆಯವನು, ಪಿಯಾನೋಗೆ ಶ್ರುತಿ ಕೂರಿಸುವ ಕೆಲಸ, ಬೆರಳುಗಳು ಹೆಂಗಸರ ಬೆರಳಿನಂತೆ ನುಣುಪು. ಇಂಥವನು ತೌನೋಗೆ ಅಳಿಯನಾಗಿ ಬಂದದ್ದೇ ನಮ್ಮೂರಿಗೆ ಆರು ತಿಂಗಳು ನಗೆಪಾಟಲಾಗಿತ್ತು. ತೌನೋ ಅವನ ಹೆಸರನ್ನೇ ಹೇಳುತ್ತಿರಲಿಲ್ಲ, ‘ಕೆಳಗಿನವನು’ ಎನ್ನುತ್ತಿದ್ದ.

ಆದರೆ ಆ ಹುಡುಗ ಆಗಸ್ಟಿನಲ್ಲಿ ನೋಟ್‌ಬುಕ್ಕು ಹಿಡಿದು ಅಕ್ಕನ ನೆಲಮಾಳಿಗೆಗೆ ಬಂದಿದ್ದ. ಜಿಂಕೆಗೆ ಯಾವ ಗುಂಡು ಒಳ್ಳೆಯದು, ಯಾಕೆ ಒಳ್ಳೆಯದು, ದಯವಿಟ್ಟು ಹೇಳಿಕೊಡಿ ಎಂದು ಕೇಳಿದ್ದ. ನಲವತ್ತು ವರ್ಷದಲ್ಲಿ ‘ಯಾಕೆ’ ಎಂದು ಕೇಳಿದ ಮೊದಲನೆಯವನು ಅವನೇ ಎಂದು ಅಕ್ಕ ಹೇಳುತ್ತಾಳೆ.

ಅವಳು ಅವನಿಗೆ ತನ್ನ ಮಫಿನ್ ತಟ್ಟೆ ತೋರಿಸಿದ್ದಳು. ಅದರ ಗುಳಿಗಳಲ್ಲಿ ಮಫಿನ್ ಬೆಂದು ಮೂವತ್ತು ವರ್ಷವಾಗಿದೆ. ಪ್ರತಿ ಗುಳಿಯಲ್ಲೂ ಜಿಂಕೆಗಳ ಮೈಯಿಂದ ತೆಗೆದ ಗುಂಡುಗಳು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ: ಯಾರು ಹೊಡೆದದ್ದು, ಎಷ್ಟು ದೂರದಿಂದ, ಗುಂಡು ಬಿದ್ದ ಮೇಲೆ ಜಿಂಕೆ ಎಷ್ಟು ಹೆಜ್ಜೆ ಓಡಿತು. ಅರಳಿದ ಗುಂಡಿನ ಚಂದ ನೋಡಬೇಡ, ಆ ಕೊನೆಯ ಅಂಕಿ ನೋಡು ಎಂದು ಅವನಿಗೆ ಹೇಳಿದ್ದಳು. ಜಿಂಕೆ ನಲವತ್ತು ಹೆಜ್ಜೆಗಿಂತ ಹೆಚ್ಚು ಓಡಿದರೆ ತಪ್ಪು ಗುಂಡಿನದ್ದೋ ನಿನ್ನದೋ ಅಂತ ಕೂತು ಯೋಚಿಸು, ಪ್ರಾಣಿಯ ಸಂಕಟ ನಿನ್ನ ಲೆಕ್ಕಕ್ಕೆ ಬರುತ್ತೆ ಎಂದಿದ್ದಳು. ಡ್ವೇನ್ ಅದನ್ನು ಬರೆದುಕೊಂಡಿದ್ದ.

ಅವನ ಹಳೆಯ ತರ್ಟಿ-ಆಟ್-ಸಿಕ್ಸ್ ಕೋವಿಗೆ ಅಕ್ಕ ಆರಿಸಿದ್ದು ನೂರೈವತ್ತು ಗ್ರೇನ್ ತೂಕದ ಚೂಪು ಗುಂಡು. ನೂರರ ಒಂದು ಡಬ್ಬಿ ತರಿಸಿ, ಅವನಿಗೆ ನಲವತ್ತು ತುಂಬಿಕೊಟ್ಟಳು. ಈಗ ಅದೇ ಅವನ ಕೊರಳಿಗೆ ಉರುಳಾಗಿತ್ತು. ತೌನೋ ಕಾಲಿಂದ ತೆಗೆದ ಗುಂಡು ಅದೇ ಜಾತಿಯದು, ತೂಕ ನೂರ ನಲವತ್ತೆಂಟು ಗ್ರೇನ್. ಶೆರಿಫರಿಗೆ ಇನ್ನೇನು ಬೇಕು? ರಾಜ್ಯದ ಪ್ರಯೋಗಾಲಯಕ್ಕೆ ಕಳಿಸಿದರೆ ಬೇಟೆಯ ತಿಂಗಳಲ್ಲಿ ಮೂರು ವಾರ ಕಾಯಬೇಕು. ಆರೋಪಿಯೇ ಒಪ್ಪಿಕೊಂಡಿರುವಾಗ ಕಾಯುವುದು ಯಾಕೆ ಎಂದಿದ್ದರು.

“ಇನ್ನೊಂದು ವಿಷಯ,” ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತ. “ಬೆಲ್ಟಿನ ವಿಷಯ ನೀನು ಕೇಳಿದ್ಯಾ?”

ಕೇಳಿದ್ದೆ. ಬೆಳಿಗ್ಗೆ ಲಾಕಪ್ಪಿಗೆ ಹೋಗಿ ಅಕ್ಕ ಹೇಳಿಕೊಟ್ಟ ಆ ಒಂದೇ ಪ್ರಶ್ನೆ ಕೇಳಿ ಬಂದಿದ್ದೆ. ಡ್ವೇನ್ ಒಂಬತ್ತು ಗಂಟೆಗೆ ಓಡುತ್ತಿದ್ದ ಗಂಡು ಜಿಂಕೆಗೆ ಈಡು ಹೊಡೆದ, ತಪ್ಪಿತು, ಅದರ ಹೆಜ್ಜೆ ಹುಡುಕುತ್ತ ಹೋದವನಿಗೆ ಎರಡೇ ನಿಮಿಷದಲ್ಲಿ ಮಾವ ಕಂಡ. ಮರದ ಬುಡಕ್ಕೊರಗಿ ಕೂತಿದ್ದ ತೌನೋ ತೊಡೆಗೆ ಬೆಲ್ಟು ಬಿಗಿದುಕೊಂಡಾಗಿತ್ತು. ಪ್ಯಾಂಟಿನ ಮೇಲಿನ ರಕ್ತ ಹೆಪ್ಪುಗಟ್ಟಿ ಗಟ್ಟಿಯಾಗಿತ್ತು.

ಎರಡು ನಿಮಿಷದಲ್ಲಿ ರಕ್ತ ಗಟ್ಟಿಯಾಗುವುದಿಲ್ಲ, ಎಂಥ ಚಳಿಯಲ್ಲೂ. ಅದನ್ನು ಡ್ವೇನ್‌ಗೆ ಹೇಳಿದೆ. ಅವನು ತಲೆಯಾಡಿಸಿದನೇ ಹೊರತು ನಂಬಲಿಲ್ಲ. ಬದಲಿಗೆ ನನ್ನನ್ನು ಒಂದು ಕತ್ತರಿ ಕೇಳಿದ.

ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಹಿಂಬದಿಯ ತುದಿ ಕತ್ತರಿಸಿ, ಹೆಸರು ತಾರೀಖು ಬರೆದು, ಕ್ಯಾಂಪಿನ, ಅಂದರೆ ಬೇಟೆಯ ಗುಡಿಸಲಿನ, ಗೋಡೆಗೆ ಮೊಳೆ ಹೊಡೆಯುವುದು ನಮ್ಮವರ ಪದ್ಧತಿ. ನಮ್ಮ ಕ್ಯಾಂಪಿನ ಗೋಡೆಯಲ್ಲಿ ಅಂಥ ತುಂಡುಗಳು ಐವತ್ತಾದರೂ ಇವೆ, ನನ್ನವೇ ಒಂಬತ್ತು. ಡ್ವೇನ್ ತನ್ನದನ್ನೂ ಅಲ್ಲಿ ಹಚ್ಚಿಬಿಡಿ ಎಂದ. ಮಾವ ಬೇಡವೆಂದರೆ ಬೇಡ, ಆದರೆ ತಪ್ಪಿದ್ದಂತೂ ನಿಜ ತಾನೆ ಎಂದ. ಲಾಕಪ್ಪಿನೊಳಗೆ ಕತ್ತರಿ ಕೊಡುವಂತಿಲ್ಲ. ನನ್ನ ಚಾಕುವಿನಿಂದ ನಾನೇ ಕೊಯ್ದುಕೊಂಡೆ. ಆಚೆ ಬಂದು ಕಾರಿನಲ್ಲಿ ಕೂತು ಅತ್ತೆ.

ಇಷ್ಟನ್ನೂ ಅಕ್ಕನಿಗೆ ಹೇಳಿದ ಮೇಲೆ ಅವಳು ಕೋಟಿನ ಗುಂಡಿ ಹಾಕಿಕೊಂಡಳು.

“ಆ ಡಬ್ಬಿಯ ಗುಂಡು ಡ್ವೇನ್ ಬಿಟ್ಟರೆ ಗೀಡೋಗೆ ಇಪ್ಪತ್ತು ತುಂಬಿಕೊಟ್ಟಿದೀನಿ. ಗೀಡೋ ಗುಡಿಸಲು ತೌನೋ ಕೂತ ಜಾಗಕ್ಕೆ ಎಷ್ಟು ದೂರ?”

ಗೀಡೋ ತೌನೋ ಜಮೀನಿನ ನೆರೆಯವನು, ನನಗೆ ಭೂಪಟ ಬೇಕಾಗಲಿಲ್ಲ. ತೌನೋ ಕೂತಿದ್ದ ಕಡೆಯಿಂದ ಜೌಗು ದಾಟಿದರೆ ದಿಬ್ಬದ ಮೇಲೆ. ನಾನೂರೈವತ್ತು ಗಜ.

*

ಗೀಡೋ ಪೆರೋನಾ ಒಲೆಯ ಮುಂದೆ ನಿಂತು ಈರುಳ್ಳಿ ಹಾಕಿ ಜಿಂಕೆಯ ಲಿವರ್ ಹುರಿಯುತ್ತಿದ್ದ. ಎಪ್ಪತ್ತು ದಾಟಿದ ಆಸಾಮಿ, ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ, ಗಣಿಯಲ್ಲಿ ದುಡಿದ ಭುಜಗಳು ಇನ್ನೂ ಬಾಗಿಲಿನಷ್ಟು ಅಗಲ. ಅವನಿಗೂ ತೌನೋಗೂ ಗಡಿಕಲ್ಲಿನ ಜಗಳ ಇಪ್ಪತ್ತು ವರ್ಷದ್ದು. ಪ್ರತಿ ಕ್ರಿಸ್‌ಮಸ್ಸಿಗೆ ಒಬ್ಬರಿಗೊಬ್ಬರು ಉಡುಗೊರೆ ಕಳಿಸುತ್ತಾರೆ, ಎದುರಾದರೆ ಮಾತ್ರ ಬೈದುಕೊಳ್ಳುತ್ತಾರೆ.

ಅಕ್ಕನನ್ನು ಕಂಡು ಅವನು ಸೌಟು ಕೆಳಗಿಟ್ಟು ತಲೆಗೂದಲು ಸವರಿಕೊಂಡ. ನನ್ನನ್ನು ನೋಡಿ ಮುಖ ಇಳಿಸಿದ.

ಅಕ್ಕ ಕೂರಲಿಲ್ಲ. ಎರಡು ಗುಂಡುಗಳನ್ನೂ ಮೇಜಿನ ಮೇಲೆ ಅವನ ತಟ್ಟೆಯ ಪಕ್ಕದಲ್ಲಿಟ್ಟಳು.

“ಒಂದು ತೌನೋ ಕಾಲಲ್ಲಿದ್ದದ್ದು. ಇನ್ನೊಂದು ನಾನು ಹೊಡೆದು ನೋಡಿದ್ದು. ಎರಡೂ ನಾನೂರೈವತ್ತು ಗಜದ ಗುಂಡು ಗೀಡೋ. ಹದಿನೈದನೇ ತಾರೀಖು ಬೆಳಿಗ್ಗೆ ಎಲ್ಲಿದ್ದೆ?”

“ಇಲ್ಲೇ.”

“ಕೋವಿ ಹಾರಿಸಿದ್ಯಾ?”

“ಹಾರಿಸಿದೆ. ಲಿವರ್ ಎಲ್ಲಿಂದ ಬಂತು ಅಂದ್ಕೊಂಡೆ?”

ನನ್ನ ಕಿವಿ ನೆಟ್ಟಗಾಯಿತು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಏಳು ಗಂಟೆಗೆ, ಹಿಂದಿನ ಕಣಿವೆಯಲ್ಲಿ ಎಂದ. ಜೌಗಿನ ಕಡೆಗಲ್ಲವೇ ಎಂದು ಕೇಳಿದೆ. ಅವನು ಅಕ್ಕನ ಮುಖವನ್ನೇ ನೋಡುತ್ತಿದ್ದ. ಅವನ ಕೆನ್ನೆಯ ಕೆಂಪು ಕಿವಿಗೇರಿತು.

“ನಾನು ತೌನೋಗೆ ಗುಂಡು ಹೊಡೆದು, ಮೂರು ದಿನ ಬಾಯ್ಮುಚ್ಕೊಂಡು, ಆ ಪಿಯಾನೋ ಹುಡುಗನ್ನ ಜೈಲಿಗೆ ಕಳಿಸ್ತೀನಿ ಅಂತ ನೀನು ನಂಬ್ತೀಯ ಲೆಂಪಿ?”

“ನಂಬೋದು ಬಿಡೋದು ನನ್ನ ಕೆಲಸ ಅಲ್ಲ. ಗುಂಡು ಹೇಳ್ತಿದೆ.”

“ನಿನ್ನ ಗುಂಡಿಗೆ ಕಣ್ಣಿದ್ಯಾ? ಬಾ ಇಲ್ಲಿ.”

ಅವನು ಕಿಟಕಿಯ ಪರದೆ ಎಳೆದ. ನಾವಿಬ್ಬರೂ ನೋಡಿದೆವು. ಕಿಟಕಿಯಿಂದ ಮೂವತ್ತು ಹೆಜ್ಜೆಗೆ ಸ್ಪ್ರೂಸ್ ಮರಗಳು ಒತ್ತೊತ್ತಾಗಿ ಗೋಡೆಯಂತೆ ನಿಂತಿದ್ದವು. ಆಚೆಗೆ ಜೌಗು ಇದೆಯೆಂದು ಗೊತ್ತಿದ್ದವರಿಗೆ ಮಾತ್ರ ಗೊತ್ತು.

“ಮರ ಕಡಿದ ಹೊಸದರಲ್ಲಿ ಇಲ್ಲಿಂದ ಜೌಗು ಬಯಲಾಗಿ ಕಾಣ್ತಿತ್ತು. ಹದಿನೈದು ವರ್ಷ ಆಯ್ತು. ನೀನು ಈ ಮನೆಗೆ ಬರದೆ ಎಷ್ಟು ದಿನ ಆಯ್ತು ಅಂತ ಆ ಮರಗಳನ್ನೇ ಕೇಳು.” ದನಿ ತಗ್ಗಿಸಿದ. “ಇದರೊಳಗಿಂದ ಒಂದು ಗುಂಡು ಐವತ್ತು ಗಜ ಹೋಗಲ್ಲ. ಹೋದ್ರೂ ಹತ್ತು ಕೊಂಬೆಗೆ ಬಡಿದು ಚಪ್ಪಟೆ ಆಗಿರುತ್ತೆ. ನಿನ್ನದರ ಮೂತಿ ಇಷ್ಟು ನೀಟಾಗಿದೆಯಲ್ಲ.”

ಅವನು ಹೇಳಿದ್ದು ಸರಿಯಿತ್ತು. ನಾವು ನೋಡಲೇಬೇಕಾದದ್ದನ್ನು ನೋಡಿರಲಿಲ್ಲ. ಜೌಗಿನ ನಾಲ್ಕೂ ದಿಕ್ಕಿನಲ್ಲಿ ಇದೇ ಕಥೆ. ಅಲ್ಲಿ ನೂರು ಗಜ ನೇರವಾಗಿ ಕಾಣುವ ಜಾಗವೇ ಇಲ್ಲ.

ಆದರೂ ನಾನು ಡೆಪ್ಯುಟಿ. ಅಕ್ಕ ಕೊಟ್ಟ ಇಪ್ಪತ್ತು ತೋಟಾ ತೋರಿಸಿ ಎಂದೆ.

ಗೀಡೋ ಕಪಾಟು ತೆರೆದ. ಮೇಲಿನ ಹಲಗೆಯಲ್ಲಿ ತೋಟಾ ಡಬ್ಬಿಗಳು ಸಾಲಾಗಿದ್ದವು. ಎಲ್ಲವೂ ಅಕ್ಕನ ಕೈಬರಹದ ಚೀಟಿಯವು, ಎಲ್ಲಕ್ಕೂ ಅವಳು ಅಂಟಿಸುವ ಕಾಗದದ ಪಟ್ಟಿ ಹರಿಯದೆ ಹಾಗೇ ಇತ್ತು. ಹನ್ನೊಂದು ಡಬ್ಬಿ. ಹನ್ನೊಂದು ಸೆಪ್ಟೆಂಬರುಗಳದ್ದು.

“ನನ್ನ ಕೋವಿ ತರ್ಟಿ-ತರ್ಟಿ, ಬೇರೆ ಅಳತೆ. ಇವು ಅದಕ್ಕೆ ಹಿಡಿಯಲ್ಲ,” ಎಂದ.

ಅಕ್ಕ ಕಪಾಟಿನತ್ತ ನೋಡುತ್ತ ನಿಂತುಬಿಟ್ಟಳು. “ಮತ್ತೆ ಯಾಕೆ ಕೊಂಡುಕೊಂಡೆ?”

“ಹಂಗೆ ಕೊಂಡ್ಕೊಂಡಿಲ್ದೆ ಹೋಗಿದ್ರೆ ನಿನ್ನ ನೆಲಮಾಳಿಗೆಗೆ ಯಾವ ನೆಪ ಹೇಳ್ಕೊಂಡು ಬರ್ತಿದ್ದೆ?”

ಲಿವರ್ ಸೀದ ವಾಸನೆ ಬಂತು. ಯಾರೂ ಬಾಣಲೆಯ ಕಡೆ ಹೋಗಲಿಲ್ಲ. ನಾನು ನನ್ನ ಟೋಪಿಯೊಳಗೆ ಏನೋ ಬಿದ್ದಿದೆಯೆಂಬಂತೆ ಅದನ್ನೇ ನೋಡುತ್ತ ನಿಂತೆ. ಕೊನೆಗೆ ಅಕ್ಕ, ಬಾಣಲೆ ಉಜ್ಜುವಾಗ ಉಪ್ಪು ಹಾಕು, ಸೀದದ್ದು ಬಿಡುತ್ತೆ ಎಂದಷ್ಟೇ ಹೇಳಿ ಹೊರಗೆ ನಡೆದಳು. ನನಗೆ ಗೊತ್ತಿರುವ ಲೆಂಪಿ ಅಕ್ಕನಿಗೆ ಅದು ಬಹಳ ದೊಡ್ಡ ಮಾತು.

*

ಗಾಡಿಯಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಎದ್ದು ಹಿಮವನ್ನು ರಸ್ತೆಗಡ್ಡ ತೂರುತ್ತಿತ್ತು. ಹನ್ನೆರಡೂ ಮುಕ್ಕಾಲು. ನನಗೆ ಡ್ವೇನ್ ಚಿಂತೆಯಿದ್ದರೂ ನಾಲಿಗೆ ತುರಿಸುತ್ತಿತ್ತು. ಹನ್ನೊಂದು ಡಬ್ಬಿಯ ಬಗ್ಗೆ, ಮುಂದಿನ ಸೆಪ್ಟೆಂಬರಿನ ಬಗ್ಗೆ ನಾಲ್ಕು ಮಾತು ಚುಚ್ಚಿದೆ. ಇನ್ನು ಮೇಲೆ ಚರ್ಚಿನಲ್ಲಿ ನೀವಿಬ್ಬರೂ ಜೊತೆಯಾಗಿ ಯಾವ ಬೆಂಚಿನಲ್ಲಿ ಕೂರುತ್ತೀರಿ ಎಂದೂ ಕೇಳಿದೆ.

“ಗಾಡಿ ನಿಲ್ಸು ಆರ್ನಿ.”

ನಾನು ನಗುತ್ತಲೇ ನಿಲ್ಲಿಸಿದೆ. ತಿರುಗಿ ನೋಡಿದರೆ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಅವಳು ಗೀಡೋನ ವಿಷಯ ಯೋಚಿಸುತ್ತಲೇ ಇರಲಿಲ್ಲ.

“ಗುಂಡು ನಿಧಾನವಾಗಿ ಹೋಗಿದೆ. ಅದು ಸುಳ್ಳಲ್ಲ,” ಎಂದಳು. “ನಿಧಾನ ಅಂದ ತಕ್ಷಣ ದೂರ ಅಂದ್ಕೊಂಡುಬಿಟ್ಟೆ. ಬೆಳಿಗ್ಗೆಯಿಂದ ನನ್ನ ಕೈಯಾರೆ ಮದ್ದು ಕಡಿಮೆ ಮಾಡಿ ಮಾಡಿ ತೋಟಾ ತುಂಬ್ತಿದೀನಿ. ಆಗಲೂ ಹೊಳೀಲಿಲ್ಲ ನೋಡು ನನಗೆ.”

ಏನು ಹೊಳೆಯಲಿಲ್ಲ ಎಂದು ಕೇಳಿದೆ.

“ಹತ್ತಿರದಿಂದ ಹೊಡೆದ್ರೂ ಗುಂಡು ಹಿಂಗೇ ಇರುತ್ತೆ, ಮದ್ದು ಕಡಿಮೆ ಇದ್ರೆ.”

ಕಡಿಮೆ ಮದ್ದಿನ ತೋಟಾ ಯಾರು ಬಳಸುತ್ತಾರೆ ಎಂದೆ. ಕೋವಿಯ ಒದೆತ ತಡೆಯಲಾಗದವರು ಎಂದಳು. ಹೊಸಬರು, ಭುಜ ನೋವಿರುವವರು. ಅಂಥವರಿಗೆ ಮೆದುವಾಗಿ ತುಂಬಿಕೊಡುತ್ತಾಳೆ. ಅದಕ್ಕೆಂದೇ ಬೇರೆ ಗುಂಡಿದೆ, ನಿಧಾನವಾಗಿ ಹೋದರೂ ಅರಳುವ ಮೆತ್ತನೆಯ ಮೂತಿಯದು. ಈ ಸೆಪ್ಟೆಂಬರಿನಲ್ಲಿ ಆ ಡಬ್ಬಿ ಖಾಲಿಯಾಗಿತ್ತು. ಅಂಗಡಿಯವನು ಮುಂದಿನ ವಾರ ಎಂದಿದ್ದ. ಸದ್ಯಕ್ಕೆಂದು ಡ್ವೇನ್ ಡಬ್ಬಿಯಿಂದಲೇ ಇಪ್ಪತ್ತು ಗುಂಡು ತೆಗೆದು ತುಂಬಿದಳು. ನಿಧಾನಕ್ಕೆ ಹೋದರೆ ಇದು ಅರಳುವುದಿಲ್ಲ, ಪಾಪದ ಪ್ರಾಣಿ ನೋವು ತಿಂದುಕೊಂಡು ಮೈಲಿಗಟ್ಟಲೆ ಓಡುತ್ತದೆ ಎಂದು ಗೊತ್ತಿದ್ದೂ ತುಂಬಿದಳು. ಆಮೇಲೆ ಬದಲಾಯಿಸಿ ಕೊಡುತ್ತೇನೆಂದುಕೊಂಡು ಮರೆತಳು.

“ಯಾರಿಗೆ ಕೊಟ್ಟೆ ಅಕ್ಕ?”

ಅವಳು ನನ್ನ ತೋಳು ಹಿಡಿದುಕೊಂಡಳು. ನಮ್ಮ ತಾಯಿ ಸತ್ತ ದಿನ ಹಿಡಿದಿದ್ದು ಬಿಟ್ಟರೆ ಇವತ್ತೇ.

“ನಿನಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು. ಭುಜದ ಆಪರೇಷನ್ ಆಗಿ ವರ್ಷ ತುಂಬೋವರೆಗೆ ಕೋವಿ ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದಕ್ಕೆ, ನೀನು ಅವಳ ಕೋವಿಗೆ ಬೀಗ ಹಾಕ್ತೀನಿ ಅಂತ ಕೂಗಾಡಿದ್ಯಂತೆ.”

*

ಸಿಲ್ವಿ ಅಡುಗೆಮನೆಯಲ್ಲಿ ಏಲಕ್ಕಿ ಬ್ರೆಡ್ಡಿನ ಹಿಟ್ಟನ್ನು ಮೂರೆಳೆಯಾಗಿ ಹೆಣೆಯುತ್ತಿದ್ದಳು. ಎಡಗೈ ಬಳಸಿದಷ್ಟು ಬಲಗೈ ಬಳಸುತ್ತಿರಲಿಲ್ಲ. ಏಪ್ರಿಲ್‌ನಿಂದ ಹಾಗೆಯೇ. ನಮ್ಮಿಬ್ಬರನ್ನೂ ಕಂಡು ಸಂತೋಷಪಟ್ಟಳು, ಊಟ ಆಯಿತಾ ಎಂದು ಕೇಳಿದಳು, ಡ್ವೇನ್‌ಗೆಂದು ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ನಾಲ್ಕು ಪ್ಯಾಸ್ಟಿ ಬೇರೆ ಕಟ್ಟಿಟ್ಟಿದ್ದೇನೆ, ಹೋಗುವಾಗ ಮರೆಯಬೇಡಿ ಎಂದಳು.

ಹದಿನೈದನೆಯ ತಾರೀಖು ಅವಳು ಚರ್ಚಿನ ಹಾಲಿನಲ್ಲಿ ಬೇಟೆಗಾರರಿಗೆ ಮಾರಲು ಪ್ಯಾಸ್ಟಿ ಮಾಡುತ್ತಿದ್ದಳು ಎಂದೇ ನಾನು ಮೂರು ದಿನದಿಂದ ನಂಬಿದ್ದೆ. ಅವಳು ಹೇಳಿದ್ದಳು. ಮೂವತ್ತೊಂದು ವರ್ಷದಲ್ಲಿ ಅವಳ ಮಾತನ್ನು ನಾನು ಒಮ್ಮೆಯೂ ತಾಳೆ ನೋಡಿದವನಲ್ಲ.

“ಸಿಲ್ವಿ, ನಾನು ಕೊಟ್ಟ ಡಬ್ಬಿ ತಗೊಂಡು ಬಾ,” ಎಂದಳು ಅಕ್ಕ.

ಸಿಲ್ವಿ ನನ್ನ ಕಡೆ ನೋಡಿದಳು. ಕಳ್ಳಬೆಕ್ಕು ಸಿಕ್ಕಿಬಿದ್ದ ಹಾಗೆ ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಹಿಟ್ಟಿನ ಡಬ್ಬದ ಹಿಂದಿನಿಂದ ತೋಟಾ ಡಬ್ಬಿ ಬಂತು. ಅಕ್ಕ ಮುಚ್ಚಳ ತೆಗೆದಳು. ಹತ್ತೊಂಬತ್ತು.

“ಅತ್ತಿಗೆ, ನೀವು ಮಾತಿಗೆ ತಪ್ಪಿದ್ರಿ. ಇರಲಿ.” ಸಿಲ್ವಿ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ನನ್ನ ಎದುರು ಕೂತಳು. “ಬೈಬೇಡ ಆರ್ನಿ. ಒಂದೇ ಒಂದು ಹೊಡೆದೆ, ಅದೂ ತಪ್ತು. ಆರು ಕವಲು ಕೊಂಬಿನ ಗಂಡು, ಎಪ್ಪತ್ತೋ ಎಂಬತ್ತೋ ಹೆಜ್ಜೆ ದೂರ ಅಷ್ಟೇ. ಹೆಂಗೆ ತಪ್ಪಿಸ್ಕೊಂಡ್ತೋ. ಯಾರ ಹತ್ರನೂ ಹೇಳಲಿಲ್ಲ ನಾನು. ಹೇಳಿದ್ರೆ ಅಂಗಿ ಹೋಗ್ತಿತ್ತು. ಆ ಗೋಡೆ ಮೇಲೆ ಇಷ್ಟು ವರ್ಷದಲ್ಲಿ ನನ್ನದೊಂದು ತುಂಡಿಲ್ಲ, ಗೊತ್ತಲ್ಲ.”

ಗೊತ್ತಿತ್ತು. ಇಡೀ ಕ್ಯಾಂಪಿನಲ್ಲಿ ಅಂಗಿ ಕತ್ತರಿಸಿಕೊಳ್ಳದವಳು ಅವಳೊಬ್ಬಳೇ. ಅವಳಣ್ಣ ತೌನೋ ಪ್ರತಿ ವರ್ಷವೂ ಕತ್ತರಿ ಜೇಬಲ್ಲಿಟ್ಟುಕೊಂಡೇ ಅವಳನ್ನು ಕಾಯುತ್ತಿದ್ದ.

ಎಷ್ಟು ಹೊತ್ತಿಗೆ ಎಂದು ಅಕ್ಕ ಕೇಳಿದಳು. ಎಂಟೂವರೆ. ಎಲ್ಲಿ? ಬೀವರ್ ಪ್ರಾಣಿಗಳು ಕಟ್ಟಿದ ಒಡ್ಡಿನ ಹತ್ತಿರ, ಜೌಗಿನ ಕಡೆ ಮುಖ ಮಾಡಿಕೊಂಡು.

ನಾನು ಡೆಪ್ಯುಟಿಯಾಗಿ ಕೇಳಬೇಕಾದದ್ದನ್ನು ಅಕ್ಕ ಕೇಳುತ್ತಿದ್ದಳು.

“ಆಮೇಲೆ ಏನಾಯ್ತು?”

“ಏನೂ ಇಲ್ಲ. ಹೊರಡೋಣ ಅಂತಿದ್ದೆ. ಅಣ್ಣ ಆ ಕಡೆ ಮರಗಳ ನಡುವೆ ಕೂತಿದಾನೆ ಅಂತ ಆಗಲೇ ಗೊತ್ತಾಗಿದ್ದು. ಬೇಟೆ ಕೋಟಿನ ಕಿತ್ತಳೆ ಬಣ್ಣದ ತೋಳು ಕಂಡ್ತು. ಕೈ ಮೇಲೆತ್ತಿ ಬೀಸ್ತಿದ್ದ. ನನ್ನ ಹೆಸರು ಹಿಡಿದು ಕೂಗಿದ. ತಪ್ಪಿದ್ದು ನೋಡಿಬಿಟ್ಟಿದಾನೆ, ಇರು ಕತ್ತರಿ ತರ್ತೀನಿ ಅಂತಿದಾನೆ ಅಂದ್ಕೊಂಡೆ. ನಾನೂ ಕೈ ಬೀಸಿ, ನಗ್ತಾ...”

ಅವಳು ಅಲ್ಲಿಗೆ ನಿಲ್ಲಿಸಿದಳು.

ಅಕ್ಕನ ಮುಖ ನೋಡಿದಳು. ಅಕ್ಕ ಮೇಜಿನ ಮೇಲಿಟ್ಟಿದ್ದ ಗುಂಡಿನ ಲಕೋಟೆ ನೋಡಿದಳು. ನನ್ನನ್ನು ಮಾತ್ರ ನೋಡಲಿಲ್ಲ.

“ಡ್ವೇನ್ ಹೊಡೆದದ್ದು ಒಂಬತ್ತಕ್ಕೆ,” ಎಂದಳು ನಿಧಾನವಾಗಿ. “ಎಲ್ಲರೂ ಒಂಬತ್ತು ಅಂದ್ರಲ್ಲ. ಎಂಟೂವರೆಗೆ ಅಣ್ಣ ಚೆನ್ನಾಗಿದ್ದ. ನಾನೇ ನೋಡಿದೀನಿ, ಕೈ ಬೀಸಿದ.”

ಅಕ್ಕ ಎದ್ದು ಅವಳ ಹಿಂದೆ ಹೋಗಿ ಎರಡೂ ಭುಜದ ಮೇಲೆ, ನೋವಿಲ್ಲದ ಕಡೆ ಗಟ್ಟಿಯಾಗಿ, ನೋವಿರುವ ಕಡೆ ಹಗುರವಾಗಿ ಕೈಯಿಟ್ಟಳು. ತಪ್ಪು ತನ್ನದೆಂದಳು, ಆ ಗುಂಡು ಕೊಡಬಾರದಿತ್ತೆಂದಳು. ಸಿಲ್ವಿ ಕೇಳಿಸಿಕೊಂಡಳೋ ಇಲ್ಲವೋ. ಅರ್ಧ ಹೆಣೆದ ಹಿಟ್ಟನ್ನೇ ನೋಡುತ್ತಿದ್ದವಳು ಮುಂದೆ ಕಟ್ಟಿದ್ದ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

“ಗಂಟೆ ಎಷ್ಟು?”

ಒಂದು ಇಪ್ಪತ್ತು ಎಂದೆ.

“ಎರಡಕ್ಕೆ ತಾನೆ ಡ್ವೇನ್‌ದು? ನಡಿ. ಅಷ್ಟರಲ್ಲಿ ಹೋಗಿ ಹೇಳಬಹುದು.”

ಒಂದು ಮಾತಿನ ವಾದವಿಲ್ಲ, ನೆಪವಿಲ್ಲ. ಕೋಟು ತೊಡಿಸಲು ಹೋದೆ. ಬಲತೋಳು ಹಾಕುವಾಗ ಯಾವಾಗಲೂ ನಾನೇ ಹಿಡಿಯಬೇಕು.

ಆಗ ಅಕ್ಕ ಕೇಳಿದಳು: “ಆರ್ನಿ, ತೌನೋ ನಿನಗೆ ಏನು ಹೇಳಿದ?”

ನನ್ನ ಕೈ ತೋಳಿನಲ್ಲೇ ನಿಂತಿತು. ಮೂರು ದಿನ ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನೇ ಕೇಳಿ ನಾನೇ ಬರೆದುಕೊಂಡದ್ದು. ಯಾರನ್ನೂ ನೋಡಲಿಲ್ಲ, ಯಾರು ಹೊಡೆದರೋ ಗೊತ್ತಿಲ್ಲ. ಪ್ರತಿ ದಿನವೂ ಅದೇ ಮಾತು, ಗೋಡೆಯ ಕಡೆ ತಿರುಗಿಕೊಂಡು. ಅಳಿಯ ಲಾಕಪ್ಪಿನಲ್ಲಿದ್ದಾನೆಂದು ಅವನಿಗೆ ಹೇಳಿದ್ದೂ ನಾನೇ. ಆಗಲೂ ಅವನು ತುಟಿ ಎರಡು ಮಾಡಿರಲಿಲ್ಲ.

ತಂಗಿಯ ಹೆಸರು ಹಿಡಿದು ಕೂಗಿದವನಿಗೆ ಹೊಡೆದವರು ಯಾರೆಂದು ಗೊತ್ತಿತ್ತು.

ಫೋನು ಹೊಡೆದುಕೊಂಡಿತು. ಗೋಡೆಯ ಪಕ್ಕ ನಾನೇ ಇದ್ದುದರಿಂದ ನಾನೇ ಎತ್ತಿದೆ. ಶೆರಿಫ್ ಟ್ರೆಂಬಾತ್. ದನಿ ಹಗುರವಾಗಿತ್ತು, ಕೆಲಸ ಮುಗಿಸಿದವರ ದನಿ. ಆಸ್ಪತ್ರೆಯಿಂದಲೇ ಮಾತಾಡುತ್ತಿದ್ದೇನೆ ಎಂದರು. ತೌನೋ ಬೆಳಿಗ್ಗೆ ತಾನಾಗಿಯೇ ಹೇಳಿಕಳಿಸಿದ್ದನಂತೆ. ಕೊನೆಗೂ ಬಾಯಿ ಬಿಟ್ಟನಂತೆ. ನರ್ಸಿನ ಎದುರು ಹೇಳಿಕೆ ಬರೆಸಿ, ಓದಿಸಿ ಕೇಳಿ, ಸಹಿ ಹಾಕಿದ್ದಾನಂತೆ.

“ಏನಂತ?” ಎಂದೆ.

“ಡ್ವೇನ್ ಕೋವಿ ಎತ್ತಿದ್ದು ಕಣ್ಣಾರೆ ನೋಡಿದೆ ಅಂತ. ಪಾಪ, ಅಳಿಯ ಅಂತ ಇಷ್ಟು ದಿನ ತಡ್ಕೊಂಡಿದ್ದ. ಇನ್ನು ನಿಮ್ಮಕ್ಕನ ಪರೀಕ್ಷೆ ಗಿರೀಕ್ಷೆ ಏನೂ ಬೇಡ ಆರ್ನಿ. ಗುಂಡು ತಂದು ಒಪ್ಪಿಸಿಬಿಡು.”

ಕೋಟಿನ ಒಂದು ತೋಳು ಹಾಕಿಕೊಂಡು, ಇನ್ನೊಂದು ಜೋತುಬಿದ್ದ ಹಾಗೆಯೇ ಸಿಲ್ವಿ ನನ್ನ ಹತ್ತಿರ ಬಂದಳು. ಆ ಕಡೆಯ ಮಾತು ಅವಳಿಗೆ ಕೇಳಿಸಿರಲಿಲ್ಲ. ನನ್ನ ಮುಖ ಸಾಕಾಗಿತ್ತು.

“ಶೆರಿಫರಾ? ಫೋನು ಕೊಡು ಇಲ್ಲಿ,” ಎಂದು ಕೈ ಚಾಚಿದಳು. “ನಾನೇ ಹೇಳ್ತೀನಿ.”

ನಾನು ಕೊಡಲಿಲ್ಲ.